ದಿನನಿತ್ಯದ ಓಡಾಟಕ್ಕೆ ಸಣ್ಣ ಕಾರು: ಕಿಲೋಮೀಟರಿಗೆ ತಗಲುವ ನಿಜವಾದ ವೆಚ್ಚ

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಘಟಕ ಹೊಂದಿರುವ ಸಣ್ಣ ಉದ್ಯಮಿಯೊಬ್ಬರು ದಿನಕ್ಕೆ ಹೋಗಿ ಬರುವ ದಾರಿ ಸುಮಾರು 40 ಕಿ.ಮೀ. ವರ್ಷಕ್ಕೆ 300 ಕೆಲಸದ ದಿನಗಳೆಂದು ಹಿಡಿದರೆ 12,000 ಕಿ.ಮೀ., ಐದು ವರ್ಷಗಳಲ್ಲಿ 60,000 ಕಿ.ಮೀ. ಆಗುತ್ತದೆ. ಇಂಥವರು ಕಾರು ಕೊಳ್ಳಲು ಹೊರಟಾಗ ಮೊದಲು ಕೇಳುವ ಪ್ರಶ್ನೆ, 'ಎಷ್ಟು ಮೈಲೇಜ್ ಕೊಡುತ್ತದೆ?' ಎಂಬುದು. ಪ್ರಶ್ನೆ ಸಹಜವೇ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಅದಕ್ಕಿಂತ ದೊಡ್ಡ ವೆಚ್ಚವೊಂದು ಕಣ್ಣಿಗೆ ಬೀಳದೆ ಕುಳಿತಿರುವುದು ಗೊತ್ತಾಗುತ್ತದೆ.

ಉದಾಹರಣೆಗೆ, ವಿಮೆಯನ್ನು ಹೊರತುಪಡಿಸಿ ರೂ. 7 ಲಕ್ಷ ಬೀಳುವ ಕಾರನ್ನು ಐದು ವರ್ಷಗಳ ನಂತರ ರೂ. 3 ಲಕ್ಷಕ್ಕೆ ಮಾರಲಾಯಿತೆಂದು ಇಟ್ಟುಕೊಳ್ಳೋಣ. ಕರಗಿದ ರೂ. 4 ಲಕ್ಷವನ್ನು 60,000 ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ ರೂ. 6.67. ಲೀಟರಿಗೆ ರೂ. 100ರ ಪೆಟ್ರೋಲಿನಲ್ಲಿ 18 ಕಿ.ಮೀ. ಓಡಿದರೆ ಇಂಧನದ ಖರ್ಚು ರೂ. 5.56. ವಿಮೆ, ಸರ್ವಿಸ್, ಟೈರುಗಳಿಗೆ ವರ್ಷಕ್ಕೆ ರೂ. 25,000 ಎಂದರೆ ಇನ್ನು ರೂ. 2.08. ರೂ. 5 ಲಕ್ಷ ಸಾಲವನ್ನು ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದಿದ್ದರೆ ತಿಂಗಳ ಕಂತು ಸುಮಾರು ರೂ. 10,380, ಅದರಲ್ಲಿ ಬಡ್ಡಿಯ ಭಾಗವೇ ಒಟ್ಟು ರೂ. 1.22 ಲಕ್ಷ ಮೀರಿ, ಕಿಲೋಮೀಟರಿಗೆ ಮತ್ತೆ ರೂ. 2ನ್ನು ಕೂಡಿಸುತ್ತದೆ. ಎಲ್ಲ ಸೇರಿ ಕಿಲೋಮೀಟರಿಗೆ ರೂ. 16ನ್ನು ದಾಟುವ ಈ ವೆಚ್ಚದಲ್ಲಿ ಪೆಟ್ರೋಲಿನ ಪಾಲು ಮೂರನೆಯ ಒಂದು ಭಾಗ ಮಾತ್ರ. ಮೈಲೇಜ್ 18ರಿಂದ 20ಕ್ಕೆ ಏರಿದರೆ ಉಳಿಯುವುದು 56 ಪೈಸೆ. ಮರುಮಾರಾಟದಲ್ಲಿ ರೂ. 75,000 ಹೆಚ್ಚು ಬಂದರೆ ಉಳಿಯುವುದು ರೂ. 1.25. ಆದ್ದರಿಂದ ಕೊಳ್ಳುವ ಮೊದಲು ಅದೇ ಮಾದರಿಯ ಐದು ವರ್ಷ ಹಳೆಯ ಕಾರು ತಮ್ಮ ಊರಿನ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಯಾವ ದರಕ್ಕೆ ಹೋಗುತ್ತಿದೆ ಎಂದು ವಿಚಾರಿಸುವುದು ಮೈಲೇಜ್ ಪಟ್ಟಿಯನ್ನು ಓದುವುದಕ್ಕಿಂತ ಹೆಚ್ಚು ಲಾಭದಾಯಕ.

ಕಂಪನಿಗಳು ಪ್ರಕಟಿಸುವ ಮೈಲೇಜ್ ಅಂಕಿಗಳು ಪ್ರಯೋಗಾಲಯದ ಉರುಳೆಗಳ ಮೇಲೆ, ನಿಗದಿತ ವೇಗಕ್ರಮದಲ್ಲಿ ಅಳೆದಂಥವು. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಅವು ಯೋಗ್ಯವೇ ಹೊರತು ತಿಂಗಳ ಖರ್ಚನ್ನು ಅಂದಾಜು ಮಾಡಲು ಅಲ್ಲ. ಪೆಟ್ರೋಲಿಗಿಂತ ಎಥೆನಾಲಿನಲ್ಲಿ ಶಕ್ತಿಯ ಪ್ರಮಾಣ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಇರುವುದರಿಂದ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಓಟ ಸ್ವಲ್ಪ ತಗ್ಗುತ್ತದೆ. ಹಳೆಯ ಕಾರು ಕೊಳ್ಳುವವರು ಅದು ಈ ಮಿಶ್ರಣಕ್ಕೆ ಸಿದ್ಧಪಡಿಸಿದ ಎಂಜಿನ್ ಹೌದೇ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಒಳಿತು.

ಡೀಸೆಲ್ ಕಾರಿನ ಮೇಲಿನ ಮೋಹ 2012ರ ಸುಮಾರಿಗೆ ಅರ್ಥಪೂರ್ಣವಾಗಿತ್ತು. ಆಗ ದೆಹಲಿಯಲ್ಲಿ ಪೆಟ್ರೋಲ್ ಹಾಗೂ ಡೀಸೆಲ್ ದರಗಳ ನಡುವಣ ಅಂತರ ಲೀಟರಿಗೆ ರೂ. 30ನ್ನು ಮೀರಿತ್ತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವೂ ನಿಯಂತ್ರಣಮುಕ್ತವಾದ ಮೇಲೆ ಆ ಲಾಭ ಕರಗಿತು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ಡೀಸೆಲ್ ಎಂಜಿನ್‌ಗಳಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವಿದೆ. ಅದು ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಲು ಹೆದ್ದಾರಿಯ ದೀರ್ಘ ಓಟ ಬೇಕು. ಅಂಗಡಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಗೋದಾಮಿಗೆ ಓಡಾಡುವ ಕಾರಿಗೆ ಡೀಸೆಲ್ ತಕ್ಕುದಲ್ಲ.

ಸಿ.ಎನ್.ಜಿ. ವಿಷಯ ಬೇರೆ. ಕಾರ್ಖಾನೆಯಲ್ಲೇ ಅಳವಡಿಸಿದ ಸಿ.ಎನ್.ಜಿ. ಮಾದರಿಗೆ ರೂ. 90,000 ಹೆಚ್ಚು ಕೊಟ್ಟು, ಕಿಲೋಗೆ ರೂ. 85ರ ಅನಿಲದಲ್ಲಿ 24 ಕಿ.ಮೀ. ಓಡಿಸಿದರೆ ಮೇಲಿನ 12,000 ಕಿ.ಮೀ.ಗೆ ತಗಲುವುದು ರೂ. 42,500. ಪೆಟ್ರೋಲಿಗೆ ರೂ. 66,700. ವರ್ಷಕ್ಕೆ ಉಳಿತಾಯ ರೂ. 24,200, ಹೆಚ್ಚುವರಿ ಹಣ ಮರಳಲು ಮೂರು ವರ್ಷ ಒಂಬತ್ತು ತಿಂಗಳು ಬೇಕು. ದಿನಕ್ಕೆ 80 ಕಿ.ಮೀ. ಓಡುವವರಿಗೆ ಎರಡು ವರ್ಷದೊಳಗೆ ಮರಳುತ್ತದೆ, 20 ಕಿ.ಮೀ. ಓಡುವವರು ಈ ಗೊಡವೆಗೆ ಹೋಗದಿರುವುದೇ ಲೇಸು. ಡಿಕ್ಕಿಯ ಬಹುಭಾಗವನ್ನು ಸಿಲಿಂಡರ್ ನುಂಗುವುದರಿಂದ ಸ್ಯಾಂಪಲ್ ಪೆಟ್ಟಿಗೆಗಳನ್ನು ಒಯ್ಯುವ ವ್ಯಾಪಾರಿಗಳು ಎಚ್ಚರ ವಹಿಸಬೇಕು. 2023ರಲ್ಲಿ ಟಾಟಾ ಸಂಸ್ಥೆ ಆಲ್ಟ್ರೋಜ್ ಕಾರಿನಲ್ಲಿ ಎರಡು ಚಿಕ್ಕ ಸಿಲಿಂಡರುಗಳನ್ನು ಕೆಳಗಿರಿಸಿ ಈ ತೊಂದರೆಯನ್ನು ತಗ್ಗಿಸಿತು. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಕಡ್ಡಾಯ.

ನೆಚ್ಚಿಕೆಯನ್ನು ಅಳೆಯುವುದು ಹೇಗೆ? ಇದಕ್ಕೆ ಕೈಪಿಡಿಯಲ್ಲಿ ಅಂಕಿ ಇಲ್ಲ. ಕಾರು ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಸಂಬಳದ ನೌಕರನಿಗೆ ಬಸ್ಸಿದೆ. ಆರ್ಡರ್ ಹಿಡಿಯಲು ಹೊರಟ ತಯಾರಕನಿಗೆ ಆರ್ಡರೇ ತಪ್ಪಬಹುದು. ಈ ದೃಷ್ಟಿಯಿಂದ ಟ್ಯಾಕ್ಸಿ ಮಾಲೀಕರು ಯಾವ ಮಾದರಿಯನ್ನು ಮತ್ತೆ ಮತ್ತೆ ಕೊಳ್ಳುತ್ತಾರೆಂಬುದು ಒಳ್ಳೆಯ ಸೂಚಕ, ಏಕೆಂದರೆ ಅವರದು ನಿಷ್ಠುರ ಲೆಕ್ಕ. ಅಧಿಕೃತ ಸರ್ವಿಸ್ ಕೇಂದ್ರ ತಮ್ಮ ತಾಲ್ಲೂಕಿನಲ್ಲೇ ಇದೆಯೇ, ಹೊರಗಿನ ಮೆಕ್ಯಾನಿಕ್‌ಗೂ ಆ ಎಂಜಿನ್ ಪರಿಚಿತವೇ ಎಂದು ನೋಡಬೇಕು. ಬಿಡಿಭಾಗದ ಅಂಗಡಿಯಲ್ಲಿ ಕ್ಲಚ್ ಪ್ಲೇಟ್, ಮುಂದಿನ ಬಂಪರ್, ಹೆಡ್‌ಲೈಟ್ ಈ ಮೂರರ ಬೆಲೆಯನ್ನೂ, ಸರಕು ಸಿದ್ಧವಿದೆಯೇ ತರಿಸಬೇಕೇ ಎಂಬುದನ್ನೂ ಕೇಳಿದರೆ ಅರ್ಧ ಉತ್ತರ ದೊರೆತಂತೆ. ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್, ಕೈಗೇರು ಇರುವ ಕಾರಿನಲ್ಲಿ ಕೆಡಬಹುದಾದ ಭಾಗಗಳೇ ಕಡಿಮೆ. ಬೆಂಗಳೂರಿನ ಪೀಣ್ಯದಂಥ ವಾಹನದಟ್ಟಣೆಯಲ್ಲಿ ದಿನವೂ ಸಿಲುಕುವವರಿಗೆ ಸ್ವಯಂಚಾಲಿತ ಗೇರಿನ ಅನುಕೂಲ ಬೇಕೆನಿಸಿದರೆ, ಸಾದಾ ಗೇರ್‌ಬಾಕ್ಸಿಗೇ ಯಂತ್ರಚಾಲನೆ ಜೋಡಿಸಿದ ಎ.ಎಂ.ಟಿ. ಅಗ್ಗ. ಗೇರ್ ಬದಲಾಗುವಾಗಿನ ಸಣ್ಣ ಕುಲುಕಾಟವನ್ನು ಸಹಿಸಿಕೊಳ್ಳಬೇಕಷ್ಟೆ. ಹೆದ್ದಾರಿಯ ದಿನನಿತ್ಯದ ಪ್ರಯಾಣಕ್ಕೆ 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಸುರಕ್ಷತಾ ನಕ್ಷತ್ರಗಳನ್ನೂ ಗಮನಿಸತಕ್ಕದ್ದು.

ಇನ್ನು ತೆರಿಗೆ. 4 ಮೀಟರ್ ಮೀರದ ಉದ್ದ, 1,200 ಸಿ.ಸಿ. ಮೀರದ ಪೆಟ್ರೋಲ್ ಎಂಜಿನ್ ಎಂಬ 'ಸಣ್ಣ ಕಾರಿನ' ವ್ಯಾಖ್ಯೆ 2006ರ ಕೇಂದ್ರ ಬಜೆಟ್ಟಿನ ಕೊಡುಗೆ. 2012ರಲ್ಲಿ ಸ್ವಿಫ್ಟ್ ಡಿಜೈರ್ ಕಾರಿನ ಬಾಲ ಮೊಟಕಾದದ್ದು ಇದೇ ಕಾರಣಕ್ಕೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದು, ಮೇಲಿನ ಸೆಸ್ಸೂ ಹೋಯಿತು. ಆದರೆ ಈ ಶೇ. 18ನ್ನು ವ್ಯಾಪಾರದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದೆಂದು ತಿಳಿದು ತೊಡಕಿಗೆ ಸಿಲುಕುವವರಿದ್ದಾರೆ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮಿನಂತೆ, ಚಾಲಕ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ ಹೂಡುವಳಿ ತೆರಿಗೆಯ ಜಮೆ ಸಿಗದು. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ನಡೆಸುವವರಿಗೆ ಮಾತ್ರ ವಿನಾಯಿತಿ. ಸರಕು ಸಾಗಣೆಯ ವಾಹನಕ್ಕೆ ಈ ತಡೆಯಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ದಿನವೂ ಸರಕನ್ನೇ ತುಂಬುವವರು ಸಣ್ಣ ಪಿಕಪ್ ಒಂದನ್ನು ಯೋಚಿಸುವುದು ಯುಕ್ತ.

ವಿಮೆಯಲ್ಲೂ ಎಂಜಿನ್ ಗಾತ್ರ ಲೆಕ್ಕಕ್ಕೆ ಬರುತ್ತದೆ. 2022ರ ಜೂನ್‌ನಲ್ಲಿ ಜಾರಿಯಾದ ದರಪಟ್ಟಿಯಂತೆ ಮೂರನೆಯ ಪಕ್ಷದ ವಾರ್ಷಿಕ ವಿಮಾಕಂತು 1,000 ಸಿ.ಸಿ.ವರೆಗೆ ರೂ. 2,094, ಅದರ ಮೇಲೆ 1,500 ಸಿ.ಸಿ.ವರೆಗೆ ರೂ. 3,416. ಹೊಸ ಕಾರಿಗೆ ಮೂರು ವರ್ಷದ ಕಂತನ್ನು ಒಮ್ಮೆಗೇ ಕಟ್ಟಬೇಕಾದ್ದರಿಂದ ವ್ಯತ್ಯಾಸ ರೂ. 4,000 ದಾಟುತ್ತದೆ. ಹಾಗಾಗಿ 998 ಸಿ.ಸಿ. ಹಾಗೂ 1,197 ಸಿ.ಸಿ. ಎಂಜಿನ್‌ಗಳೆರಡರಲ್ಲೂ ದೊರೆಯುವ ವ್ಯಾಗನ್‌-ಆರ್‌ನಂಥ ಕಾರಿನಲ್ಲಿ ಒಬ್ಬರೇ ಓಡಾಡುವವರಿಗೆ ಚಿಕ್ಕ ಎಂಜಿನ್ ಸಾಕು.

ಕಾರು ಸಂಸ್ಥೆಯ ಹೆಸರಿನಲ್ಲಿದ್ದರೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ. 15ರ ಸವಕಳಿ ದೊರೆಯುತ್ತದೆ; ಸ್ವಂತ ಬಳಕೆಯ ಪಾಲನ್ನು ಕಳೆಯಬೇಕು. ರೂ. 7 ಲಕ್ಷದ ಕಾರಿನ ಪುಸ್ತಕ ಮೌಲ್ಯ ಐದು ವರ್ಷಕ್ಕೆ ಸುಮಾರು ರೂ. 3.10 ಲಕ್ಷಕ್ಕೆ ಇಳಿಯುತ್ತದೆ. ನೋಂದಾಯಿತ ವ್ಯಾಪಾರಿ ಅದನ್ನು ರೂ. 3.50 ಲಕ್ಷಕ್ಕೆ ಮಾರಿದರೆ ನಡುವಿನ ರೂ. 40,000ದ ಮೇಲೆ ಮಾತ್ರ ಶೇ. 18 ಜಿ.ಎಸ್.ಟಿ.; ರೂ. 3 ಲಕ್ಷಕ್ಕೆ ಮಾರಿದರೆ ಏನೂ ಇಲ್ಲ. ಕೊಂಡ ವರ್ಷ ಕಾರು 180 ದಿನಕ್ಕಿಂತ ಕಡಿಮೆ ಬಳಕೆಯಾಗಿದ್ದರೆ ಸವಕಳಿ ಅರ್ಧಕ್ಕೆ, ಅಂದರೆ ರೂ. 1,05,000ದಿಂದ ರೂ. 52,500ಕ್ಕೆ ಇಳಿಯುತ್ತದೆ, ಉಳಿದದ್ದು ಮುಂದಿನ ವರ್ಷಗಳಿಗೆ ಹೋಗುತ್ತದೆ. ಆಯುಧಪೂಜೆ ಅಕ್ಟೋಬರ್ ನಡುವಿಗೆ ಬೀಳುವ ವರ್ಷಗಳಲ್ಲಿ ಹಬ್ಬಕ್ಕೆಂದು ಕಾಯುವವರು ಈ ಅರ್ಧವನ್ನು ಮುಂದೂಡಿದಂತಾಗುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಕಾರು ತಂದು ಬಳಕೆಗೆ ಹಚ್ಚಿ, ಹಬ್ಬದ ದಿನ ಅದಕ್ಕೆ ಪೂಜೆ ಸಲ್ಲಿಸಲು ಯಾವ ಅಡ್ಡಿಯೂ ಇಲ್ಲ.