ವಸಂತದ ಹಿಮಕುಸಿತ

ಹಿಮಾಲಯದಲ್ಲಿ ಹಿಮಕುಸಿತದ ಭಯ ಚಳಿಗಾಲದೊಂದಿಗೆ ಮುಗಿಯುವುದಿಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ಪ್ರಕ್ಷುಬ್ಧತೆ’ಗಳು ಏಪ್ರಿಲ್‌ನಲ್ಲೂ ಎತ್ತರದ ಕಣಿವೆಗಳಿಗೆ ಹೊಸ ಹಿಮ ಸುರಿಸುತ್ತವೆ, ಅದೇ ಹೊತ್ತಿಗೆ ಬಿಸಿಲೂ ಏರುತ್ತಿರುತ್ತದೆ. 2025ರ ಫೆಬ್ರುವರಿ 28ರಂದು ಬದರಿನಾಥದ ಬಳಿಯ ಮಾಣಾದಲ್ಲಿ ಹಿಮ ಜಾರಿ ರಸ್ತೆ ಕೆಲಸದ 54 ಮಂದಿ ಸಿಲುಕಿದರು, 8 ಮಂದಿ ಸತ್ತರು. 2023ರ ಏಪ್ರಿಲ್ 4ರಂದು ಸಿಕ್ಕಿಮಿನ ನಾಥು ಲಾ ರಸ್ತೆಯಲ್ಲಿ 7 ಪ್ರವಾಸಿಗರು ಬಲಿಯಾದರು.

ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲೇ ಆಗುತ್ತವೆ. ಇನ್ನೂ ಕಡಿದಾದಲ್ಲಿ ಹಿಮ ದಪ್ಪಗಟ್ಟುವ ಮುಂಚೆಯೇ ಆಗಾಗ ಉದುರಿಹೋಗುತ್ತದೆ. ಚಳಿಗಾಲದಲ್ಲಿ ಗಾಳಿ ಒತ್ತಿ ಗಟ್ಟಿಮಾಡಿದ ಪದರವು ಕೆಳಗಿನ ದುರ್ಬಲ ಪದರದ ಮೇಲಿಂದ ಜಾರುತ್ತದೆ. ಒಬ್ಬ ಚಾರಣಿಗನ ಭಾರವೂ ಅದಕ್ಕೆ ಸಾಕಾಗಬಹುದು. ವಸಂತದಲ್ಲಿ ಮುಖ್ಯ ಕಾರಣ ನೀರು. ಬಿಸಿಲಿಗೆ ಕರಗಿದ ನೀರು ಒಳಗಿಳಿದು ಹಿಮಕಣಗಳ ಬೆಸುಗೆ ಸಡಿಲಿಸುತ್ತದೆ. ಇಡೀ ರಾಶಿಯ ಉಷ್ಣತೆ ಸೊನ್ನೆ ಡಿಗ್ರಿಗೆ ಬಂದರೆ ನೀರು ನೆಲದವರೆಗೂ ಇಳಿಯುತ್ತದೆ; ಆಗ ಹಿಮ ಬುಡದಿಂದಲೇ ಜಾರಬಹುದು. ಈ ಒದ್ದೆ ಹಿಮಕ್ಕೆ ಪುಡಿಹಿಮದ ವೇಗವಿಲ್ಲ, ತೂಕ ಮಾತ್ರ ಬಹಳ. ನಿಂತೊಡನೆ ಕಾಂಕ್ರೀಟಿನಂತೆ ಬಿಗಿಯುತ್ತದೆ.

ಹಾಗಾಗಿ ವಸಂತದಲ್ಲಿ ಮೊದಲು ವಿಚಾರಿಸಬೇಕಾದದ್ದು ಹಿಂದಿನ ರಾತ್ರಿಯನ್ನು. ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಶಾಖವನ್ನು ಹೊರಚೆಲ್ಲಿ ಗಟ್ಟಿಯಾಗುತ್ತದೆ. ಬೆಳಗಿನ ಜಾವ ಅದರ ಮೇಲೆ ನಡೆದರೆ ಬೂಟು ಹೂತುಕೊಳ್ಳುವುದಿಲ್ಲ. ಮೋಡ ಕವಿದ ರಾತ್ರಿ ಆ ಶಾಖ ಅಷ್ಟಾಗಿ ಹೋಗುವುದಿಲ್ಲ. ಗಾಳಿಯ ಉಷ್ಣತೆ ಸೊನ್ನೆಗಿಂತ ತುಸು ಮೇಲಿದ್ದರೂ ತಿಳಿ ಆಕಾಶದಡಿ ಹಿಮದ ಮೇಲ್ಮೈ ಹೆಪ್ಪುಗಟ್ಟಬಲ್ಲದು. ಉಷ್ಣಮಾಪಕದ ಅಂಕಿಯೊಂದನ್ನೇ ನಂಬಿ ಹೊರಡುವವರ ಲೆಕ್ಕ ತಪ್ಪುವುದು ಇಲ್ಲೇ. ಸೂರ್ಯ ಬಂದಮೇಲೆ ಪೂರ್ವದ ಮೈ ಮೊದಲು ಮೆದುವಾಗುತ್ತದೆ, ಆಮೇಲೆ ದಕ್ಷಿಣ, ಮಧ್ಯಾಹ್ನಕ್ಕೆ ಪಶ್ಚಿಮ. ಕಡಿದಾದ ಜಾಗಗಳನ್ನು ಅದಕ್ಕೂ ಮುಂಚೆ ದಾಟಿಬಿಡುವುದು ಪರ್ವತಾರೋಹಿಗಳ ಹಳೆಯ ರೂಢಿ. ಕಾಲು ಮೊಣಕಾಲವರೆಗೆ ಹೂಳತೊಡಗಿದರೆ, ಮೇಲಿಂದ ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಆಗಲೇ ತಡವಾಗಿದೆ ಎಂದರ್ಥ. ಹಿಮದ ಮೇಲೆ ಮಳೆ ಬಿದ್ದರಂತೂ ಗಡಿಯಾರ ನೋಡುವ ಪ್ರಶ್ನೆಯೇ ಇಲ್ಲ.

ಕುಸಿತವಿಲ್ಲದೆಯೂ ಹವಾಮಾನ ಕೊಲ್ಲುತ್ತದೆ. 2024ರ ಜೂನ್ ಮೊದಲ ವಾರ, ಮೈದಾನದಲ್ಲಿ ಸುಡುಬೇಸಿಗೆಯಿದ್ದಾಗ, ಉತ್ತರಕಾಶಿಯ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕ ಕರ್ನಾಟಕದ ಚಾರಣ ತಂಡದ 9 ಮಂದಿ ತೀರಿಕೊಂಡರು.

ಹಿಮಾಲಯದ ಕುಸಿತದ ಮುನ್ಸೂಚನೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಅಂಗವಾದ ಚಂಡೀಗಢದ ಡಿಜಿಆರ್‌ಇ ನೀಡುತ್ತದೆ. ಅದು ಜಿಲ್ಲೆ, ಎತ್ತರಗಳ ಮಟ್ಟದ ಎಚ್ಚರಿಕೆ. ಕಣ್ಣೆದುರಿನ ಇಳಿಜಾರನ್ನು ಅಲ್ಲಿರುವವರೇ ಓದಬೇಕು. ಪೂರ್ತಿ ಹೂತವರನ್ನು 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ; ಅರ್ಧ ಗಂಟೆಯಾದರೆ ಮೂವರಲ್ಲಿ ಒಬ್ಬರು. ಹೊರಗಿನ ನೆರವು ಅಷ್ಟರಲ್ಲಿ ತಲುಪುವುದು ಅಪರೂಪ. ಆದ್ದರಿಂದಲೇ ತಂಡದ ಪ್ರತಿಯೊಬ್ಬರ ಬಳಿಯೂ ರೇಡಿಯೊ ಸಂಕೇತ ಕಳಿಸುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಸಲಾಕೆ, ಸಲಿಕೆ ಇರಬೇಕು.