ಇಳಿದು ಬರುವ ದಾರಿ

ಕಳೆದ ಬೇಸಿಗೆಯಲ್ಲಿ ಎರಡು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಜರ್ಮನಿಯಲ್ಲಿ ಓದುತ್ತಿರುವ ಅಕ್ಕನ ಮಗ ರಜೆಯಲ್ಲಿ ಗೆಳೆಯರೊಡನೆ ಆಲ್ಪ್ಸ್ ಪರ್ವತಗಳಿಗೆ ಹೋಗಿದ್ದ. ಪ್ರವಾಸದ ಕೊನೆಯ ಎರಡು ದಿನ ಅವನಿಂದ ಸುದ್ದಿಯೇ ಇಲ್ಲ. ಅಕ್ಕ ಮೊಬೈಲನ್ನು ದೇವರ ಮುಂದಿಟ್ಟು ಕುಳಿತಳು. ನಾವು ಕಚೇರಿಗೇನೋ ಹೋದೆವು. ಆದರೆ ಕಡತದಲ್ಲಿ ಬರೆದದ್ದನ್ನೇ ಎರಡು ಸಲ ಬರೆದು ಬಂದೆವು.

ಆ ರಾತ್ರಿಗಳಲ್ಲಿ ನಮಗೆ ಪದೇ ಪದೇ ನೆನಪಾದವನು ಇನ್ನೊಬ್ಬ ವಿದ್ಯಾರ್ಥಿ, ಆ್ಯಂಡ್ರೂ ಅರ್ವಿನ್. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನವನು. ದೋಣಿಯ ಪಂದ್ಯದಲ್ಲಿ ಹೆಸರಾದವನು. 1924ರಲ್ಲಿ, 22ರ ಪ್ರಾಯದಲ್ಲಿ, ಬ್ರಿಟಿಷರ ಎವರೆಸ್ಟ್ ತಂಡದೊಡನೆ ಡಾರ್ಜಿಲಿಂಗಿನಿಂದ ಹೊರಟು, ಟಿಬೆಟ್ಟಿನ ಕಡೆಯಿಂದ ಪರ್ವತದ ಬುಡ ಸೇರಿದ. ಎತ್ತರದ ಶಿಖರಗಳ ಅನುಭವ ಅವನಿಗೆ ಹೆಚ್ಚಿರಲಿಲ್ಲ. ಆದರೆ ಕೈಚಳಕ ಬಹಳ. ಕೆಟ್ಟುಹೋದ ಆಮ್ಲಜನಕದ ಯಂತ್ರಗಳನ್ನು ಬಿಚ್ಚಿ ಸರಿಪಡಿಸುತ್ತಿದ್ದವನು ಅವನೇ.

ಜೂನ್ 4ರಂದು ತಂಡದ ನಾರ್ಟನ್ ಎಂಬವರು ಆಮ್ಲಜನಕವಿಲ್ಲದೆ ಸುಮಾರು 8,570 ಮೀಟರುಗಳವರೆಗೆ ಏರಿ ಹಿಂತಿರುಗಿದರು. ಜೊತೆಗಿದ್ದ ಡಾಕ್ಟರ್ ಸಾಮರ್‌ವೆಲ್ ಸ್ವಲ್ಪ ಕೆಳಗೇ ನಿಂತರು. ಇಳಿಯುವಾಗ ಅವರ ಗಂಟಲು ಕಟ್ಟಿ ಉಸಿರೇ ನಿಂತಂತಾಯಿತು. ಎರಡೂ ಕೈಗಳಿಂದ ಎದೆಯನ್ನು ಒತ್ತಿ ಕೆಮ್ಮಿದಾಗ, ಚಳಿಗೆ ಸುಲಿದ ಗಂಟಲಿನ ಒಳಪೊರೆ ಹೊರಬಿದ್ದು ಜೀವ ಉಳಿಯಿತು.

ಮರುದಿನ ಅರ್ವಿನ್ ತನ್ನ ದಿನಚರಿಯಲ್ಲಿ, ಬಿಸಿಲಿಗೆ ಬೆಂದ ಮುಖದ ಉರಿ ತಾಳಲಾರೆನೆಂದೂ, ನಾಳೆಗೆ ಎರಡು ಆಮ್ಲಜನಕದ ಯಂತ್ರಗಳು ಸಿದ್ಧವಾಗಿವೆಯೆಂದೂ ಬರೆದ. ಅದೇ ಕೊನೆಯ ಬರಹ. 6ರ ಬೆಳಿಗ್ಗೆ ಮ್ಯಾಲರಿಯವರೊಡನೆ ಹೊರಟ. 8ರಂದು ಮಧ್ಯಾಹ್ನ ಒಂದು ಗಂಟೆಗೆ ತುಸು ಮುಂಚೆ ಮೋಡ ಸರಿದಾಗ, ಎರಡು ಕಪ್ಪು ಚುಕ್ಕೆಗಳು ಮೇಲೇರುತ್ತಿದ್ದುದು ಕೆಳಗಿದ್ದ ಓಡೆಲ್‌ರಿಗೆ ಕಂಡಿತು. ಮತ್ತೆ ಮೋಡ ಮುಚ್ಚಿತು. ಇಬ್ಬರೂ ಮರಳಲಿಲ್ಲ, ಶಿಖರ ಮುಟ್ಟಿದರೋ ಇಲ್ಲವೋ ಯಾರೂ ಅರಿಯರು.

1933ರಲ್ಲಿ ಅರ್ವಿನ್‌ನ ಹಿಮಗೊಡಲಿ ಸಿಕ್ಕಿತು. 1999ರಲ್ಲಿ ಮ್ಯಾಲರಿಯವರ ದೇಹ. ನೂರು ವರ್ಷಗಳ ಬಳಿಕ, 2024ರಲ್ಲಿ, ರೊಂಗ್‌ಬುಕ್ ಹಿಮನದಿಯಲ್ಲಿ ಒಂದು ಬೂಟು ಸಿಕ್ಕಿತು. ಒಳಗಿದ್ದ ಕಾಲುಚೀಲದ ಮೇಲೆ, ಶಾಲೆಗೆ ಹೋಗುವ ಮಕ್ಕಳ ಬಟ್ಟೆಗೆ ಹೊಲಿಯುವಂತೆ, ಅರ್ವಿನ್ ಎಂಬ ಹೆಸರು ಹೊಲಿದಿತ್ತು. ಈ ಸುದ್ದಿಯನ್ನು ಓದಿದಾಗ ನಮಗೆ ಎವರೆಸ್ಟ್ ಮರೆತುಹೋಗಿ, ಅವನ ಮನೆಯವರೇ ಕಣ್ಣ ಮುಂದೆ ಬಂದರು.

ಇಳಿದು ಬಂದ ಡಾಕ್ಟರರ ಕಥೆಯನ್ನೂ ಹೇಳಬೇಕು. ಅದು ನಮಗೆ ಹತ್ತಿರದ ಕಥೆ. 1922ರಲ್ಲಿ ಮೊದಲ ಸಲ ಎವರೆಸ್ಟಿಗೆ ಹೋದ ಬಳಿಕ ಸಾಮರ್‌ವೆಲ್ ನಮ್ಮ ದಕ್ಷಿಣ ದೇಶವನ್ನು ಸುತ್ತಲು ಬಂದಿದ್ದರು. ಇಂದು ಕನ್ಯಾಕುಮಾರಿ ಜಿಲ್ಲೆಯಲ್ಲಿರುವ ನೆಯ್ಯೂರಿನ ಆಸ್ಪತ್ರೆಯಲ್ಲಿ ರೋಗಿಗಳ ಗುಂಪನ್ನೂ ವೈದ್ಯರ ಕೊರತೆಯನ್ನೂ ಕಂಡು, ಅಲ್ಲಿಯೇ ದುಡಿಯಲು ಮನಸ್ಸು ಮಾಡಿದರು. ಎವರೆಸ್ಟಿನಿಂದ ಬದುಕಿ ಬಂದವರು ಅನೇಕ ವರ್ಷ ನೆಯ್ಯೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ 1961ರವರೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದರು. ಅವರು ಮುಟ್ಟದ ಶಿಖರವನ್ನು ಆ ರೋಗಿಗಳಲ್ಲಿ ಯಾರು ತಾನೇ ಲೆಕ್ಕಕ್ಕಿಟ್ಟಾರು?

ಮೂರನೆಯ ದಿನ ಬೆಳಿಗ್ಗೆ ಫೋನು ಬಂತು. "ಮಳೆ ಹಿಡಿಯಿತು ಮಾವ. ಮೊಬೈಲೂ ಸತ್ತುಹೋಯಿತು. ಶಿಖರ ಇನ್ನೆರಡು ಗಂಟೆಯ ದಾರಿ ಎನ್ನುವಾಗ ಹಿಂತಿರುಗಿದೆವು. ನಾಚಿಕೆಯಾಗುತ್ತದೆ" ಎಂದ. ನಾಚಿಕೆ ಏಕಪ್ಪಾ ಎಂದು ನಾವು ನೆಯ್ಯೂರಿನ ಡಾಕ್ಟರರ ಕಥೆ ಹೇಳಿದೆವು.

ಊರು ಬಿಟ್ಟು ಬಂದ ನಾವು, ಈಗ ಮಕ್ಕಳನ್ನು ಇನ್ನೂ ದೂರ ಕಳಿಸುತ್ತಿದ್ದೇವೆ. ಗೆದ್ದು ಬಾ ಎಂದು ಹರಸುವುದು ಸಹಜವೇ. ಆದರೆ ನಮ್ಮ ಹಿರಿಯರು ಹೊಸಲು ದಾಟುವಾಗ "ಹೋಗುತ್ತೇನೆ" ಎನ್ನಲು ಬಿಡುತ್ತಿರಲಿಲ್ಲ; "ಹೋಗಿ ಬರುತ್ತೇನೆ" ಎನ್ನಿಸುತ್ತಿದ್ದರು. ಆ ಮಾತಿನ ತೂಕ ನಮಗೆ ತಿಳಿದದ್ದು ಈಗ.

ಅಕ್ಕ ಫೋನು ಕಸಿದುಕೊಂಡಳು. ಶಿಖರದ ವಿಚಾರ ಅವಳು ಕೇಳಲೇ ಇಲ್ಲ. "ಊಟ ಮಾಡಿದೆಯಾ?" ಎಂದಳು.