ಸೆರಗಿನ ಫೋಟೊ, ಸೀರೆಯ ನಂಬರು

ಸೀರೆ ಕೈಗೆ ಬಂದ ಕೂಡಲೇ ಬಿಚ್ಚಿ ದಿವಾನದ ಮೇಲೆ ಸೆರಗು ಹರಡುತ್ತೇನೆ. ಒಂದು ಚೀಟಿಯಲ್ಲಿ ನಂಬರು ಬರೆದು ಮೂಲೆಗೆ ಪಿನ್ನು ಹಾಕಿ, ಫೋಟೊ ತೆಗೆದು, ತಂದವರ ವಾಟ್ಸ್‌ಆ್ಯಪ್‌ಗೆ ಅವರೆದುರೇ ಕಳಿಸುತ್ತೇನೆ: ‘418. ಬೇಬಿ ಕುಚ್ಚು, ಫಾಲ್ಸ್, ಜಿಗ್‌ಜಾಗ್. ಗುರುವಾರ ಸಂಜೆ.’ ಅವರ ಫೋನು ಸದ್ದು ಮಾಡಿದ ಮೇಲೆಯೇ ಸೀರೆ ಬೀರುವಿಗೆ ಹೋಗುವುದು. ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಕಾಳಿದಾಸ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬೋರ್ಡು ಹಾಕಿಲ್ಲ.

2019ರ ಶ್ರಾವಣದವರೆಗೆ ನನ್ನ ಲೆಕ್ಕವೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿತ್ತು. ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ‘ಸಾಸಿವೆ ಬಣ್ಣ, ಮೆರೂನ್ ಅಂಚು’ ಎಂದು ಎರಡು ಕಡೆ ಬರೆದುಕೊಂಡಿದ್ದೆ. ಒಂದು ಹೊಸದು, ಇನ್ನೊಂದು ಒಬ್ಬರ ತಾಯಿ ಉಟ್ಟು ಬಿಟ್ಟುಹೋದ ಸೀರೆ. ಇಸ್ತ್ರಿ ಮಾಡಿ ಮಡಿಸಿದ ಮೇಲೆ ಎರಡೂ ಒಂದೇ ಥರ ಕಂಡವು, ಅದಲುಬದಲಾದವು. ಹಬ್ಬದ ಹಿಂದಿನ ರಾತ್ರಿ ಮಳೆಯಲ್ಲೇ ಬಂದ ಆಕೆ ಬೈಯಲಿಲ್ಲ. ‘ಇದು ನಮ್ಮಮ್ಮನ ಸೀರೆ ಅಲ್ಲ ಕಣ್ರೀ’ ಅಂದರು, ಅಷ್ಟೇ. ಸೀರೆ ಆ ರಾತ್ರಿಯೇ ಸಿಕ್ಕಿತು. ಆದರೆ ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಆಗ ಇಲ್ಲೇ ಮಹಾಜನ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಆ ವಾರವೇ ನನ್ನ ಫೋನಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಟ್ಟಳು. 2018ರಲ್ಲಿ ಬಂದ ಈ ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ. ಮನೆಯವರ ಜೊತೆ ಮಾತಾಡುವ ನಂಬರು ಬಿಟ್ಟು ಬೇರೊಂದು ನಂಬರು ಇದ್ದರಾಯಿತು. ಇದರಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಲೇಬಲ್. ಒಬ್ಬರ ಹೆಸರನ್ನು ಒತ್ತಿ ಹಿಡಿದರೆ ಅದಕ್ಕೊಂದು ಬಣ್ಣದ ಲೇಬಲ್ ಅಂಟಿಸಬಹುದು. ಆ್ಯಪ್‌ನಲ್ಲಿ ಮೊದಲೇ ಇರುವ ಲೇಬಲ್‌ಗಳನ್ನು ತೆಗೆದು ನನ್ನ ಕೆಲಸದ ಮಾತನ್ನೇ ಬರೆದುಕೊಂಡೆ: ದಾರ ಬೇಕು, ಕುಚ್ಚಿಗೆ ಹೋಗಿದೆ, ಸಿದ್ಧ, ದುಡ್ಡು ಬಾಕಿ. ಬೆಳಿಗ್ಗೆ ‘ಸಿದ್ಧ’ ಒತ್ತಿದರೆ ಅಷ್ಟೂ ಜನರ ಹೆಸರು ಸಾಲಾಗಿ ಬರುತ್ತದೆ. ಯಾರಿಗೆ ಫೋನು ಮಾಡಬೇಕೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಸೀರೆಗೆ ನಂಬರು ಹಾಕುವುದನ್ನು ನಾನು ಮೈಸೂರಿನಿಂದಲೇ ಕಲಿತೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ನಮ್ಮೂರ ರೇಷ್ಮೆ ಕಾರ್ಖಾನೆ ಇವತ್ತು ಕೆಎಸ್‌ಐಸಿ ಹೆಸರಿನಲ್ಲಿ ಮಾರುವ ಮೈಸೂರು ಸಿಲ್ಕ್ ಸೀರೆಗಳ ಮೇಲೆ ಒಂದೊಂದಕ್ಕೂ ಅದರದೇ ಸಂಖ್ಯೆ ಇರುತ್ತದೆ. ಅಂಥ ಸೀರೆ ಬಂದರೆ ಆ ಸಂಖ್ಯೆಯ ಫೋಟೊವನ್ನೂ ತೆಗೆದಿಡುತ್ತೇನೆ.

ಕುಚ್ಚು ಕಟ್ಟುವವರು ನನ್ನ ಹತ್ತಿರ ಮೂವರಿದ್ದಾರೆ. ಒಬ್ಬರು ಕುಂಬಾರಕೊಪ್ಪಲಿನವರು, ಇಬ್ಬರು ಮಂಚೇಗೌಡನಕೊಪ್ಪಲಿನವರು. ನಾನೂ ಸೇರಿ ನಾಲ್ಕು ಜನಕ್ಕೆ ‘ಕುಚ್ಚು ಕೆಲಸ’ ಅಂತ ಒಂದು ಗ್ರೂಪು. ಗ್ರೂಪಿನ ವಿವರಣೆ ಬರೆಯುವ ಜಾಗದಲ್ಲಿ ಯಾವ ಕುಚ್ಚಿಗೆ ಎಷ್ಟು ಕೂಲಿ ಎಂದು ಬರೆದಿದೆ, ತಕರಾರಿಗೆ ಎಡೆಯಿಲ್ಲ. ಹಬ್ಬದ ವಾರ ಸೀರೆ ಹಂಚುವ ಮೊದಲು ‘ಯಾರಿಗೆ ಎಷ್ಟು ಆಗುತ್ತೆ?’ ಎಂದು ಪೋಲ್ ಹಾಕುತ್ತೇನೆ. ಮೊದಲೆಲ್ಲ ನಾನೇ ಲೆಕ್ಕ ಹಾಕಿ ಹೊರಿಸುತ್ತಿದ್ದೆ. ಮಗುವಿಗೆ ಜ್ವರ ಬಂದಿದ್ದರೂ ಆಗಲ್ಲ ಅನ್ನಲು ಅವರಿಗೆ ಸಂಕೋಚ. ಈಗ ಬೆರಳೊತ್ತಿ ‘ಎರಡು’ ಅಂತ ಹೇಳುತ್ತಾರೆ. ಶುಭೋದಯದ ಹೂವು, ದೇವರ ಪಟ ಇಲ್ಲಿಗೆ ಹಾಕುವಂತಿಲ್ಲ. ಅದರ ಮೇಲೆ ನನಗೇನೂ ಸಿಟ್ಟಿಲ್ಲ, ಅದಕ್ಕೆ ಬೇರೆ ಗ್ರೂಪಿದೆ. ಆದರೆ ‘421ರ ದಾರ ಸಾಲದು’ ಅನ್ನುವ ಒಂದು ಸಾಲು ನಲವತ್ತು ಹೂವಿನ ಅಡಿ ಹೂತುಹೋದರೆ ಒಂದು ಮದುವೆಯ ಸೀರೆ ನಿಂತುಹೋಗುತ್ತದೆ. ಮೂವರಲ್ಲಿ ಹಿರಿಯರಿಗೆ ಓದು ಬರಹ ಬಾರದು. ಅವರಿಗಾಗಿ ನಂಬರನ್ನೂ ಕೆಲಸವನ್ನೂ ಧ್ವನಿಯಲ್ಲಿ ಹೇಳಿ ಕಳಿಸುತ್ತೇನೆ, ಅವರೂ ಹಾಗೇ ಉತ್ತರ ಕೊಡುತ್ತಾರೆ. ನೋಟ್‌ಬುಕ್ಕಿನ ಕಾಲದಲ್ಲಿ ಅವರು ಪ್ರತಿ ಸೀರೆಗೂ ನನ್ನ ಮನೆವರೆಗೆ ನಡೆದು ಬರಬೇಕಿತ್ತು.

ನಮಗೆ ನಾವೇ ಮೆಸೇಜು ಕಳಿಸಿಕೊಳ್ಳುವ ಅನುಕೂಲ 2022ರ ನವೆಂಬರ್‌ನಲ್ಲಿ ಬಂತು. ಹೊಸ ಚಾಟ್ ತೆರೆದರೆ ಮೇಲೆಯೇ ನಮ್ಮ ಹೆಸರು ಕಾಣುತ್ತದೆ. ದೇವರಾಜ ಮಾರುಕಟ್ಟೆಯ ಕಡೆ ಹೋಗುವಾಗ ಬೇಕಾದ ಪಟ್ಟಿ ಅಲ್ಲಿದೆ: ರಾಮಾ ಗ್ರೀನ್ ಎರಡು ಲಡಿ, ಹಳೇ ಚಿನ್ನದ ಬಣ್ಣ ಒಂದು. ತಂದ ಮೇಲೆ ಆ ಸಾಲು ಅಳಿಸುತ್ತೇನೆ, ಉಳಿದದ್ದೇ ಬಾಕಿ. ಮಹಡಿ ಮೇಲಿನ ಮನೆಯವರು ಹೀಗೇ ತಾವು, ಅಣ್ಣ, ತಂಗಿ ಮೂವರ ಗ್ರೂಪು ಮಾಡಿ ತಂದೆಯ ಸಕ್ಕರೆ, ಬಿಪಿ ಬರೆದಿಡುತ್ತಾರೆ. ಡಾಕ್ಟರ ಚೀಟಿಯ ಫೋಟೊಗೆ ನಕ್ಷತ್ರ ಗುರುತು ಹಾಕಿಟ್ಟಿದ್ದಾರೆ, ಹುಡುಕದೆ ಸಿಗಲಿ ಎಂದು.

ಎಲ್ಲವನ್ನೂ ಫೋನಿಗೇ ಬಿಡಬೇಡಿ ಎಂದು ಮಾತ್ರ ಖಂಡಿತ ಹೇಳುತ್ತೇನೆ. 2021ರ ಅಕ್ಟೋಬರ್ 4ರ ರಾತ್ರಿ, ನವರಾತ್ರಿಗೆ ಮೂರೇ ದಿನ ಇರುವಾಗ, ಲೋಕದಲ್ಲೆಲ್ಲ ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ನಿಂತುಹೋಯಿತು. ಯಾರ ಸೀರೆ ಯಾವುದೆಂದು ಆ ರಾತ್ರಿ ನನಗೆ ಹೇಳಿದ್ದು ಪಿನ್ನು ಹಾಕಿದ ಚೀಟಿಗಳೇ. ಅವತ್ತಿನಿಂದ ಚೀಟಿಯ ಹಿಂದೆ ಹೆಸರು, ದಿನ ಎರಡನ್ನೂ ಬರೆಯುತ್ತೇನೆ. ಬ್ಯಾಕಪ್ಪೂ ಇಡಿ. ಆಂಡ್ರಾಯ್ಡ್ ಫೋನಿನಲ್ಲಿ ಅದು ಗೂಗಲ್ ಡ್ರೈವ್‌ಗೆ ಹೋಗುತ್ತದೆ, 2024ರಿಂದ ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಬೇಡದ ವಿಡಿಯೊಗಳನ್ನು ತಿಂಗಳಿಗೊಮ್ಮೆ ತೆಗೆದುಹಾಕುತ್ತೇನೆ.

ಕುಚ್ಚು ಕಟ್ಟಲು ಎರಡೂ ಕೈ ಬೇಕು. ಸೆರಗಿನ ತುದಿಯ ಎಳೆಗಳನ್ನು ಸಮವಾಗಿ ಬಿಡಿಸಿ ಗಂಟು ಹಾಕುವಾಗ ಒಮ್ಮೆ ಕಣ್ಣು ತಪ್ಪಿದರೆ ಒಂದು ಕುಚ್ಚು ದಪ್ಪ, ಒಂದು ತೆಳು. ಅದಕ್ಕೇ ಫೋನಿನ ಸದ್ದು ಅಡಗಿಸಿ ದಿನಕ್ಕೆ ಮೂರು ಹೊತ್ತು ಮಾತ್ರ ನೋಡುತ್ತೇನೆ: ತಿಂಡಿ ಆದ ಮೇಲೆ, ಊಟ ಆದ ಮೇಲೆ, ದೀಪ ಹಚ್ಚಿದ ಮೇಲೆ. ರಾತ್ರಿ ಒಂಬತ್ತರ ನಂತರ ಮೆಸೇಜು ಕಳಿಸಿದವರಿಗೆ ‘ಬೆಳಿಗ್ಗೆ ತಿಳಿಸುತ್ತೇನೆ’ ಎಂದು ಆ್ಯಪೇ ಉತ್ತರ ಕೊಡುತ್ತದೆ.

ಆ ಸಾಸಿವೆ ಸೀರೆಯವರು ಕಳೆದ ತಿಂಗಳು ಮಗಳ ಮದುವೆಗೆಂದು ಆರು ಸೀರೆ ತಂದರು. ಒಂದೊಂದನ್ನೂ ಹರಡಿ ಫೋಟೊ ತೆಗೆಯುವಾಗ ಅವರೇ ಸೆರಗಿನ ಇನ್ನೊಂದು ತುದಿ ಹಿಡಿದುಕೊಂಡರು.